ಸಂಪಾದಕರ ಉತ್ತರ: ಕುಡಿತಕ್ಕೆ ಬಲಿಯಾದವರ ಮನೆಯವರು ಒಟ್ಟಿಗೆ ಕೂರುವುದು ಹೇಗೆ?

ಮಂಡ್ಯ ಜಿಲ್ಲೆಯಿಂದ ಬಂದ ಪತ್ರದ ಸಾರ ಇದು. ಬರೆದವರ ತಮ್ಮ ಲಿವರ್ ಕೆಟ್ಟು ತೀರಿಕೊಂಡು ವರ್ಷವಾಗುತ್ತ ಬಂತು. ವಯಸ್ಸು ಮೂವತ್ತೆಂಟು. ಕುಡಿತದಿಂದಲೇ ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗಳು ಅದೇ ಬೀದಿಯಲ್ಲಿ ಇನ್ನೂ ನಾಲ್ಕಿವೆ. ಎಲ್ಲರೂ ಸೇರಿ ದೇವಸ್ಥಾನದ ಜಗಲಿಯಲ್ಲಿ ಎರಡು ಸಲ ಕೂತರು. ಮೊದಲ ಸಲ ಒಬ್ಬರೇ ಒಂದು ಗಂಟೆ ಅತ್ತರು, ಉಳಿದವರು ಸುಮ್ಮನೆ ಎದ್ದು ಹೋದರು. ಎರಡನೇ ಸಲ ಮಾತು ಬಾರ್ ಮುಚ್ಚಿಸುವ ಅರ್ಜಿಯ ಕಡೆ ತಿರುಗಿ, "ನಿನ್ ತಮ್ಮನೇ ನನ್ ಮಗನಿಗೆ ಕಲಿಸಿದ್ದು" ಎಂಬ ಜಗಳದಲ್ಲಿ ಮುಗಿಯಿತು. ಮೂರನೇ ಸಲ ಯಾರೂ ಬರಲಿಲ್ಲ. ಅವರ ಪ್ರಶ್ನೆ: "ಕೂತಿದ್ದೇ ತಪ್ಪಾ? ಸರಿಯಾಗಿ ಕೂರೋದು ಹೇಗೆ? ಪಿತೃಪಕ್ಷಕ್ಕೆ ತಮ್ಮನ ಎಡೆಗೆ ಎಣ್ಣೆ ಇಡಲೇಬೇಕು ಅಂತ ಅಣ್ಣ ಹಟ ಹಿಡಿದಿದಾನೆ. ಇಡಬೇಕಾ?" ಕೆಳಗೆ "ಒಬ್ಬ ಅಕ್ಕ" ಎಂದಷ್ಟೇ ಸಹಿ. ನಾವೂ ಹಾಗೇ ಕರೆಯುತ್ತೇವೆ.

ಅಕ್ಕಾ, ಕೂತಿದ್ದು ತಪ್ಪಲ್ಲ. ಜಾಗ ತಪ್ಪಿತ್ತು, ಹೊತ್ತಿಗೆ ಲೆಕ್ಕವಿರಲಿಲ್ಲ, ಎರಡು ಬೇರೆ ಕೆಲಸಗಳು ಒಂದೇ ಜಮಖಾನದ ಮೇಲೆ ಬಿದ್ದವು. ಮೂರನ್ನೂ ಸರಿಮಾಡಬಹುದು.

ಕೊನೆಯದರಿಂದಲೇ ಶುರುಮಾಡುತ್ತೇವೆ, ಏಕೆಂದರೆ ಹೆಚ್ಚಿನ ಗುಂಪುಗಳು ಮುರಿಯುವುದು ಅಲ್ಲೇ. ಬಾರ್ ಮೇಲಿನ ಸಿಟ್ಟು ನ್ಯಾಯವಾದದ್ದು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ನಡೆದರಲ್ಲ, ಆ ಸಿಟ್ಟಿಗೆ ಬೀದಿಯೇ ಸರಿಯಾದ ಜಾಗ. ಆದರೆ ಅರ್ಜಿ ಬರೆಯುವ ಸಭೆಯಲ್ಲಿ ಕುಡುಕ ಒಬ್ಬ ಖಳ, ಅಂಕಿಸಂಖ್ಯೆಯ ಒಂದು ಗೆರೆ. ನಿಮ್ಮ ತಮ್ಮ ಹಾಗಿರಲಿಲ್ಲವಲ್ಲ. ಅವನ ಕೈಗುಣ, ಅವನ ನಗು ನೆನೆದು ಅಳಬೇಕಾದವರಿಗೆ ಆ ಸಭೆಯಲ್ಲಿ ಬಾಯಿ ಕಟ್ಟುತ್ತದೆ. ಅರ್ಜಿ ಬೇಕಾದರೆ ಬೇರೆ ದಿನ, ಬೇರೆ ಜಾಗ. ಈ ಕೂಟದಲ್ಲಿ ಸತ್ತವರನ್ನು ನೆನೆಯುವುದು, ಉಳಿದವರ ಮಾತು ಕೇಳಿಸಿಕೊಳ್ಳುವುದು, ಇಷ್ಟೇ.

ಸಾವಿನ ಮನೆಗೆ ಬಂದವರು ನಿಮಗೆ ಏನೆಂದರೆಂದು ನೀವು ಬರೆದಿಲ್ಲ, ಊಹಿಸಬಲ್ಲೆವು. "ಪೀಡೆ ತೊಲಗಿತು ಬಿಡು." "ಹೆಂಡ್ತಿ ನೆಟ್ಟಗಿದ್ದಿದ್ರೆ ಹಿಂಗಾಗ್ತಿತ್ತಾ?" ಹಾರ್ಟ್ ಅಟ್ಯಾಕ್ ಆಗಿ ಹೋದವರ ಮನೆಯಲ್ಲಿ ಯಾರೂ ಹೀಗೆ ಆಡುವುದಿಲ್ಲ. ಊರು ಒಪ್ಪದ, ಬಹಿರಂಗವಾಗಿ ಅಳಲು ಹಕ್ಕಿಲ್ಲದ ಇಂಥ ದುಃಖವನ್ನು ಅಮೆರಿಕದ ದುಃಖ-ಸಂಶೋಧಕ ಕೆನೆತ್ ಡೋಕಾ ಅವರು 1989ರಲ್ಲೇ ಗುರುತಿಸಿ, ಅದಕ್ಕೊಂದು ಪ್ರತ್ಯೇಕ ಹೆಸರು ಕೊಟ್ಟು ವಿವರಿಸಿದರು. ಹತ್ತಿರದವರ ಸಾಂತ್ವನ ಸಿಗದ ಕಡೆ, ಅದೇ ಹಾದಿ ತುಳಿದವರ ಜೊತೆ ಕೂರುವುದೇ ದೊಡ್ಡ ಆಸರೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಕುಡಿತದಿಂದ ಹಾನಿಗೊಳಗಾಗಿ ನೆರವು ಬೇಕಿರುವವರೇ 5.7 ಕೋಟಿ. ಅವರ ಹಿಂದೆ ಎಷ್ಟು ಅಕ್ಕಂದಿರು, ಅವ್ವಂದಿರು!

ಈಗ ಕೂರುವ ಬಗೆ. ದೇವಸ್ಥಾನದ ಜಗಲಿ ಬೇಡ; ಹೋಗಿಬರುವವರ ಕಿವಿಯೆಲ್ಲ ಅಲ್ಲೇ. ಸಂಜೆ ಹೊತ್ತು ಖಾಲಿಯಿರುವ ಅಂಗನವಾಡಿ ಕೋಣೆ, ಶಾಲೆಯ ಕೊಠಡಿ, ಬಾಗಿಲು ಹಾಕಿಕೊಳ್ಳಬಹುದಾದ ಯಾವುದಾದರೂ ಸರಿ. ಸಂಘದ ಸಾಲದ ಕಂತು ಕಟ್ಟುವ ದಿನಕ್ಕೂ ಜಾಗಕ್ಕೂ ಇದನ್ನು ಗಂಟುಹಾಕಬೇಡಿ. ಸತ್ತವನು ಮಾಡಿದ ಸಾಲ ಬಹುಪಾಲು ಮನೆಗಳಲ್ಲಿ ಇನ್ನೂ ತೀರಿರುವುದಿಲ್ಲ, ಕಂತಿನ ಪುಸ್ತಕ ಕಂಡಲ್ಲಿ ಮನಸ್ಸು ಬಿಚ್ಚುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಅದೇ ವಾರ, ಅದೇ ಹೊತ್ತು. ಐದರಿಂದ ಹತ್ತು ಜನ. ಹತ್ತು ದಾಟಿದರೆ ಎಲ್ಲರ ಸರದಿ ಬರುವುದಿಲ್ಲ, ಎರಡು ಗುಂಪು ಮಾಡಿ. ಒಂದೂವರೆ ಗಂಟೆ ಸಾಕು. ಅದನ್ನು ಮೀರಿದರೆ ಮನೆಗೆ ಹೋಗುವಾಗ ಹಗುರವಾಗುವ ಬದಲು ಬಳಲಿಕೆಯೇ ಹೆಚ್ಚಾಗುತ್ತದೆ.

ನಡೆಸುವವರು ಇಬ್ಬರಿರಲಿ. ಒಬ್ಬರು ಸರದಿ ಮತ್ತು ಗಡಿಯಾರ ನೋಡಿಕೊಳ್ಳಲಿ. ಇನ್ನೊಬ್ಬರು, ಯಾರಾದರೂ ತಡೆಯಲಾರದೆ ಎದ್ದರೆ ಜೊತೆಗೆ ಹೊರಗೆ ಹೋಗಿ ನೀರು ಕೊಟ್ಟು ಪಕ್ಕದಲ್ಲಿ ನಿಲ್ಲಲಿ. ಒಬ್ಬರೇ ಎರಡನ್ನೂ ಮಾಡಲಾಗದು, ನಿಮ್ಮ ಮೊದಲ ಸಭೆ ಚದುರಿದ್ದು ಇದಕ್ಕೇ. ತಮ್ಮ ಮನೆಯ ಸಾವಾಗಿ ಒಂದು ವರ್ಷವೂ ಆಗದವರು ನಡೆಸುವ ಹೊಣೆ ಹೊರದಿರುವುದು ಒಳ್ಳೆಯದು. ನಿಮಗೂ ಇದನ್ನೇ ಹೇಳುತ್ತೇವೆ, ಬೇಸರ ಬೇಡ. ನಾಲ್ಕು ಮನೆಗಳಲ್ಲಿ ಹೆಚ್ಚು ಹಳೆಯ ಸಾವು ಯಾರದ್ದೋ ಅವರನ್ನು ಕೇಳಿ, ನೀವು ಎರಡನೆಯವರಾಗಿ.

ಶುರುವಿಗೆ ಪ್ರತಿ ಸಲವೂ ಇದೇ ನಾಲ್ಕು ಮಾತು ಗಟ್ಟಿಯಾಗಿ ಹೇಳಿ: ಇಲ್ಲಿ ಆಡಿದ್ದು ಇಲ್ಲೇ ಉಳಿಯಲಿ, ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೂರಬಹುದು, ಕೇಳದೆ ಯಾರಿಗೂ ಬುದ್ಧಿ ಹೇಳಬೇಡಿ, ಬೇರೆ ಮನೆಯ ಸತ್ತವರ ಬಗ್ಗೆ ಮಾತು ಬೇಡ. "ನಿನ್ ತಮ್ಮನೇ ಕಲಿಸಿದ್ದು" ಎಂಬ ಮಾತಿಗೆ ಕಡಿವಾಣ ಈ ನಾಲ್ಕನೆಯದು. ಒಂದೇ ಬೀದಿಯ ಗುಂಪಿನಲ್ಲಿ ಸತ್ತವರೂ ಒಟ್ಟಿಗೆ ಕುಡಿದವರೇ ಆಗಿರುತ್ತಾರೆ, ಹಾಗಾಗಿ ಅದು ಮತ್ತೆ ಮತ್ತೆ ಬಾಯಿಗೆ ಬಂದೇ ಬರುತ್ತದೆ. ಬಂದಾಗ ನಡೆಸುವವರು "ನಿಮ್ಮ ಮಗನ ಬಗ್ಗೆ ಹೇಳಿ" ಎಂದು ಮಾತನ್ನು ಅವರ ಮನೆಗೇ ತಿರುಗಿಸಬೇಕು.

ಆಮೇಲೆ ಪ್ರತಿಯೊಬ್ಬರೂ ಸತ್ತವರ ಹೆಸರು ಹಿಡಿದು ಹೇಳಲಿ: ಇಂಥವರು, ನನಗೆ ಇಂಥವರಾಗಬೇಕು, ಹೋಗಿ ಇಷ್ಟು ದಿನವಾಯಿತು. ಅಲ್ಲಿಂದ ಒಬ್ಬೊಬ್ಬರಿಗೆ ಆರೇಳು ನಿಮಿಷ. ಒಬ್ಬರ ಅಳು ನಿಲ್ಲದಿದ್ದರೆ ಅಳು ನಿಲ್ಲಿಸಬೇಡಿ, ಸರದಿ ಮುಂದೆ ಹೋಗಲಿ. ಪಕ್ಕದವರು ಕೈ ಹಿಡಿದುಕೊಂಡಿರಲಿ. ಕೊನೆಯ ಹತ್ತು ನಿಮಿಷ ಸಾವಿನ ಮಾತು ಬಿಟ್ಟು ಟೀ ಕುಡಿಯಿರಿ, ಮಳೆ ಬೆಳೆ ಮಾತಾಡಿ. ಎದೆಯೆಲ್ಲ ತೆರೆದಿಟ್ಟು ಹಾಗೇ ಮನೆಗೆ ಹೋಗಿ ಒಲೆ ಹಚ್ಚುವುದು ಕಷ್ಟ.

ಈ ಕೋಣೆಯಲ್ಲಿ ನೀವು ಕೇಳಲಿರುವ ಎರಡು ಮಾತುಗಳಿಗೆ ಮೊದಲೇ ಸಿದ್ಧರಾಗಿರಿ. ಒಬ್ಬಾಕೆ "ನಾನೇ ದುಡ್ಡು ಕೊಟ್ಟೆ, ಅದಕ್ಕೇ ಸತ್ತ" ಎನ್ನುತ್ತಾಳೆ. ಎದುರಿಗೆ ಕೂತವಳು "ನಾನು ಕೊಡಲಿಲ್ಲ, ಅದಕ್ಕೇ ಸತ್ತ" ಎನ್ನುತ್ತಾಳೆ. ಎರಡನೆಯದರ ಹಿಂದೆ ಒಂದು ನಿಜವಿದೆ, ಅದನ್ನು ಎಲ್ಲರೂ ತಿಳಿದಿರಬೇಕು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಎಣ್ಣೆ ಒಮ್ಮೆಲೇ ನಿಂತರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೈಕಾಲು ನಡುಗಿ, ಬೆವರಿ, ಇಲ್ಲದ ಹುಳಹುಪ್ಪಟೆ ಕಾಣತೊಡಗಿ, ದಿಕ್ಕುದೆಸೆ ತಪ್ಪಿ, ಆಸ್ಪತ್ರೆ ಸೇರದಿದ್ದರೆ ಜೀವಕ್ಕೇ ಕುತ್ತಾಗಬಹುದು. ಇದನ್ನು ಹೆಂಡತಿಗೆ ಯಾರೂ ಹೇಳಿರುವುದಿಲ್ಲ. ಕುಡಿತ ಬಿಡಿಸಲೆಂದೇ ಬಾಗಿಲು ಹಾಕಿ ಕೂರಿಸಿದವಳು ಕೊಲೆಗಾರ್ತಿಯಲ್ಲ. ಅವಳಿಗೆ ಇದನ್ನು ಪಾಠದಂತೆ ಒಪ್ಪಿಸಬೇಡಿ. ಅವಳು ಮೂರು ನಾಲ್ಕು ಸಲ ಬಂದ ಮೇಲೆ, ಒಂದು ದಿನ ನರ್ಸ್ ಅಥವಾ ವೈದ್ಯರನ್ನು ಕರೆಸಿ ಎಲ್ಲರ ಮುಂದೆ ವಿವರಿಸಲು ಹೇಳಿ. ಗುಂಪಿನ ಯಾರ ಮನೆಯಲ್ಲಾದರೂ ಈಗಲೂ ಕುಡಿಯುವವರಿದ್ದರೆ ಅವರಿಗೂ ತಿಳಿಯಲಿ: ಬಿಡಿಸುವುದಾದರೆ ಆಸ್ಪತ್ರೆಯ ಮೂಲಕ ಬಿಡಿಸಿ.

ನಿಮ್ಮ ತಮ್ಮನ ಕೊನೆಯ ರಾತ್ರಿಯ ಬಗ್ಗೆ, ಬೋಗುಣಿ ತುಂಬ ರಕ್ತ ವಾಂತಿಯ ಬಗ್ಗೆ ಬರೆದಿದ್ದೀರಿ. "ಅರ್ಧ ಗಂಟೆ ಮೊದಲು ಹೊರಟಿದ್ದಿದ್ರೆ" ಎಂದೂ ಬರೆದಿದ್ದೀರಿ. ಲಿವರ್ ಗಟ್ಟಿಯಾದಾಗ ರಕ್ತ ಅದರೊಳಗೆ ಸಲೀಸಾಗಿ ಹರಿಯದೆ ಅನ್ನನಾಳದ ರಕ್ತದ ನರಗಳಿಗೆ ನುಗ್ಗಿ, ಅವು ಉಬ್ಬಿ, ಒಂದು ದಿನ ಒಡೆಯಬಹುದು. ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಒಡೆದರೂ ಉಳಿಸಿಕೊಳ್ಳಲಾಗದ ಸಂದರ್ಭಗಳಿವೆ. ಆ ಅರ್ಧ ಗಂಟೆ ನಿಮ್ಮ ತಲೆಯಿಂದ ಸುಲಭಕ್ಕೆ ಹೋಗದು, ಆದರೆ ಆ ನರಗಳು ಉಬ್ಬಲು ಹಿಡಿದದ್ದು ಅರ್ಧ ಗಂಟೆಯಲ್ಲ, ವರ್ಷಗಳು.

ಇನ್ನೊಂದು ಮಾತು ಪಿಸುದನಿಯಲ್ಲಿ ಬರುತ್ತದೆ: "ಈಗ ರಾತ್ರಿ ನಿದ್ದೆ ಬರ್ತದೆ, ಹೊಡೆಯೋರಿಲ್ಲ." ಹೀಗೆಂದವಳೇ ಮರುಗಳಿಗೆ ನಾಚಿಕೆಯಿಂದ ಕುಗ್ಗುತ್ತಾಳೆ. ನಿರಾಳವೂ ದುಃಖವೂ ಒಂದೇ ಎದೆಯಲ್ಲಿ ಇರಬಲ್ಲವು. ನಡೆಸುವವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಕುಡುಕರ ಕುಟುಂಬದವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳು ಬೆಂಗಳೂರಿನಲ್ಲೂ ಇವೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿಗಳು ಹಳ್ಳಿಹಳ್ಳಿಯಲ್ಲಿವೆ. ಎರಡರ ಬಗ್ಗೆಯೂ ನಮಗೆ ಗೌರವವಿದೆ. ಆದರೆ ಅಲ್ಲಿನ ಮಾತು ಬಹುಪಾಲು ಬದುಕಿರುವವರ ಸುತ್ತ. "ಅವರ ಗಂಡ ಬಿಟ್ಟ, ನನ್ನ ತಮ್ಮ ಬಿಡಲಿಲ್ಲ" ಎಂಬ ಸಂಕಟ ಮೊದಲ ವರ್ಷದಲ್ಲಿ ತಡೆಯಲಾಗದು. ಹಾಗಾಗಿ ನಿಮ್ಮ ಗುಂಪು ಬೇರೆಯೇ ಇರಲಿ.

ಗುಂಪಿನಲ್ಲಿ ಯಾರಾದರೂ "ನಾನೂ ಅವನ ಹಿಂದೆ ಹೋಗ್ತೀನಿ" ಎಂದರೆ ಬಾಯಿಮಾತೆಂದು ಬಿಡಬೇಡಿ. "ಸಾಯುವ ಯೋಚನೆ ಬರ್ತಾ ಇದೆಯಾ?" ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಬಿತ್ತಿದಂತಾಗುವುದಿಲ್ಲ. ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕದ ಡಬ್ಬಿ ಬೇರೆ ಕಡೆ ಸಾಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮರುದಿನ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ಇದು ಗುಂಪು ಹೊರಬಹುದಾದ ಭಾರವಲ್ಲ.

ವಾಟ್ಸ್ಆಪ್ ಗುಂಪು ಮಾಡುವುದಾದರೆ ದಿನ, ಹೊತ್ತು ತಿಳಿಸಲು ಮಾತ್ರ. ನಡುರಾತ್ರಿ ಯಾರೋ ಶವದ ಫೋಟೋ ಹಾಕಿದರೆ ಉಳಿದವರೆಲ್ಲರ ನಿದ್ದೆ ಹೋಗುತ್ತದೆ. ಒಂದು ಪುಸ್ತಕದಲ್ಲಿ ಎಲ್ಲರ ಮನೆಯ ತಿಥಿ ಬರೆದಿಟ್ಟುಕೊಳ್ಳಿ, ಆ ದಿನ ಇಬ್ಬರಾದರೂ ಹೋಗಿಬನ್ನಿ. ಯುಗಾದಿಯ ಮರುದಿನದ ಹೊಸತೊಡಕನ್ನೂ ಅದರಲ್ಲಿ ಬರೆದುಕೊಳ್ಳಿ: ಊರೆಲ್ಲ ಬಾಡೂಟ, ಎಣ್ಣೆ, ನಿಮ್ಮ ಮನೆಗಳಲ್ಲಿ ಮಾತ್ರ ಒಂದು ಎಲೆ ಖಾಲಿ. ಆ ಸಂಜೆ ಒಟ್ಟಿಗೆ ಕೂರುವುದು ಒಳ್ಳೆಯದು.

ಇನ್ನು ಎಡೆ. ಹೋದವರಿಗೆ ಇಷ್ಟವಾದದ್ದನ್ನು ಇಡುವುದು ನಿಮ್ಮ ಕಡೆಯ ಪದ್ಧತಿ. ಬೀಡಿ, ಕ್ವಾರ್ಟರ್ ಎರಡನ್ನೂ ಇಡುವ ಮನೆಗಳಿವೆ. ಅದು ಪಾಪವೆಂದು ನಾವು ಹೇಳುವುದಿಲ್ಲ. ನಿಮ್ಮ ಅಣ್ಣನ ಹಟದಲ್ಲೂ ತಮ್ಮನ ಮೇಲಿನ ಪ್ರೀತಿಯೇ ಇದೆ, ಅದನ್ನು ಅವನಿಗೆ ಮೊದಲು ಹೇಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಎಡೆ ಎತ್ತಿದ ಮೇಲೆ ಆ ಬಾಟ್ಲಿ ಯಾರ ಕೈಗೆ ಹೋಗುತ್ತದೆ? ಮಾಮೂಲಿನಂತೆ ಗಂಡಸರು ಪ್ರಸಾದವೆಂದು ಹಂಚಿಕೊಳ್ಳುವುದಾದರೆ, ಆ ಪಂಕ್ತಿಯಲ್ಲಿ ತಮ್ಮನ ಮಗನೂ ಕೂರುತ್ತಾನೆ ಎಂದು ಬರೆದಿದ್ದೀರಿ, ಹದಿನಾರು ವರ್ಷದವನು. ಅಣ್ಣ ಒಪ್ಪಿದರೆ ಬಾಟ್ಲಿಯ ಬದಲು, ಕುಡಿತ ಹತ್ತುವ ಮೊದಲು ತಮ್ಮನಿಗೆ ಇಷ್ಟವಿದ್ದದ್ದನ್ನು ಇಡಿ. ಬಸ್ಸಾರು ಮುದ್ದೆ ಅಂದರೆ ಜೀವ ಬಿಡುತ್ತಿದ್ದ ಎಂದು ನೀವೇ ಬರೆದಿದ್ದೀರಲ್ಲ. ಒಪ್ಪದಿದ್ದರೆ ಜಗಳ ಬೇಡ, ಬಾಟ್ಲಿ ಇಡಲಿ. ಎಡೆ ಎತ್ತಿದ ಕೂಡಲೇ ನೀವೇ ಕೈಯಾರೆ ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿಯಿರಿ, ಹುಡುಗ ನೋಡುತ್ತಿರುವಾಗಲೇ.

— ಸಂಪಾದಕರು