ತರಕಾರಿ ಜಾಸ್ತಿ ಮಾಡಿದ ಮೇಲೆ ಹೊಟ್ಟೆ ಉಬ್ಬರ: ಒಬ್ಬ ಟೀಚರ್ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ವಯಸ್ಸು 44. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ದಿನಕ್ಕೆ ಐದು ಪೀರಿಯಡ್. ಬಸ್ಸಿನಲ್ಲಿ ಹೋಗಿ ಬರಲು ಎರಡು ಗಂಟೆ.

ಡಿಸೆಂಬರ್ ಕೊನೆಯಲ್ಲಿ ಊಟದ ಸಲಹೆಗೆಂದು ನನ್ನ ಬಳಿ ಬಂದವರು ಕೂರುವ ಮೊದಲೇ ಹೇಳಿದರು: "ತರಕಾರಿ ನನ್ನ ಹೊಟ್ಟೆಗೆ ಆಗಲ್ಲ ಮೇಡಂ. ಬೇರೆ ಏನಾದ್ರೂ ಬರೆದುಕೊಡಿ."

ಅದಕ್ಕೆ ಒಂದು ತಿಂಗಳ ಹಿಂದೆ ಅವರ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಶೇಕಡಾ 6.1 ಬಂದಿತ್ತು. ಅಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಅದರ ಅಂಚಿನಲ್ಲಿದ್ದಾರೆ. ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ ಎಂದು ಡಾಕ್ಟರ್ ಹೇಳಿದ್ದರು. ಟೀಚರ್ ಹೆದರಿಬಿಟ್ಟಿದ್ದರು. ಅವರ ತಂದೆ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು. ಹಾಗಾಗಿ ಮನೆಗೆ ಹೋದ ದಿನದಿಂದಲೇ ಎಲ್ಲವನ್ನೂ ಬದಲಾಯಿಸಿದರು.

ಅದಕ್ಕೂ ಮುಂಚೆ ಅವರ ಊಟದಲ್ಲಿ ತರಕಾರಿ ಅಂದರೆ ಸಾರಿನ ಹೋಳು, ಎರಡು ಚಮಚ ಪಲ್ಯ. ಈಗ ಬೆಳಿಗ್ಗೆ ಸೋರೆಕಾಯಿ ಜ್ಯೂಸ್. ತಿಂಡಿಗೆ ಹಸಿ ಮೊಳಕೆ ಹೆಸರುಕಾಳಿಗೆ ಈರುಳ್ಳಿ. ಮಧ್ಯಾಹ್ನದ ಡಬ್ಬಿಯಲ್ಲಿ ಹಸಿ ಎಲೆಕೋಸು, ಕ್ಯಾರೆಟ್. ರಾತ್ರಿ ಅನ್ನದ ಬದಲು ಒಂದು ಬಟ್ಟಲು ಹೂಕೋಸಿನ ಪಲ್ಯ. ಸಾಲದ್ದಕ್ಕೆ ಅವರೆಕಾಯಿ ಕಾಲ. ವಾರಕ್ಕೆ ಮೂರು ದಿನ ಅವರೆಕಾಳು ಬೇರೆ.

ಮೂರನೇ ದಿನದಿಂದ ಶುರುವಾಯಿತು. ಸಂಜೆಯ ಹೊತ್ತಿಗೆ ಸೀರೆ ಬಿಗಿಯಾಗುತ್ತಿತ್ತು. ಹೊಟ್ಟೆ ತಮಟೆಯ ಹಾಗೆ. ತರಗತಿಯಲ್ಲಿ ಐವತ್ತು ಮಕ್ಕಳ ಮುಂದೆ ನಿಂತಾಗ ಗುಡುಗುಡು ಸದ್ದು. ಗಾಳಿ ತಡೆದು ತಡೆದು ಕೊನೆಗೆ ಹೊಟ್ಟೆನೋವು. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮೆಡಿಕಲ್ ಸ್ಟೋರಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದು ಎರಡು ವಾರ ನುಂಗಿದ್ದರು. ಸೋಡಾ ಕುಡಿದಿದ್ದರು. ಯಾವುದೂ ಕೆಲಸ ಮಾಡಿರಲಿಲ್ಲ.

ಮಾತ್ರೆಯ ವಿಷಯವನ್ನೇ ನಾನು ಮೊದಲು ಬಿಡಿಸಿ ಹೇಳಿದ್ದು. ನಮ್ಮಲ್ಲಿ ಎದೆಯುರಿಗೂ ಗ್ಯಾಸ್ಟ್ರಿಕ್ ಅಂತೇವೆ, ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್ ಅಂತೇವೆ. ಆ ಮಾತ್ರೆ ಜಠರದ ಆಮ್ಲ ಕಡಿಮೆ ಮಾಡುತ್ತದೆ. ಟೀಚರ್‌ಗೆ ಗಾಳಿ ಹುಟ್ಟುತ್ತಿದ್ದದ್ದು ಜಠರದಲ್ಲಲ್ಲ, ದೊಡ್ಡ ಕರುಳಿನಲ್ಲಿ. ಸೋಡಾ ಅಂತೂ ಇನ್ನಷ್ಟು ಗಾಳಿಯನ್ನೇ ಒಳಗೆ ಕಳಿಸುತ್ತದೆ.

ಗಾಳಿ ಹುಟ್ಟುವುದು ಹೀಗೆ. ಅವರೆ, ಹೆಸರು, ಎಲೆಕೋಸುಗಳಲ್ಲಿ ರಾಫಿನೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಕೂಡ ಅರಗುವುದಿಲ್ಲ. ಹೂಕೋಸಿನಲ್ಲಿರುವ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಅಂಶ ಹಲವರಿಗೆ ಪೂರ್ತಿ ಅರಗುವುದಿಲ್ಲ. ಇವೆಲ್ಲ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ತಿಂದಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತದೆ. ಇದು ರೋಗವಲ್ಲ. ಆರೋಗ್ಯವಾಗಿರುವವರಿಗೂ ದಿನಕ್ಕೆ 10ರಿಂದ 20 ಸಲ ಗಾಳಿ ಹೋಗುತ್ತದೆ. ಹಾಗೆಂದಾಗ ಟೀಚರ್ ಮುಖ ಸ್ವಲ್ಪ ಸಡಿಲವಾಯಿತು. ನಾಚಿಕೆ ಅಷ್ಟು ದೊಡ್ಡ ಭಾರವಾಗಿತ್ತು.

"ಹಾಗಾದ್ರೆ ತರಕಾರಿ ಬಿಡಬೇಕಾ?" ಅಂದರು.

ಬಿಡಬೇಡಿ ಅಂದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ಪ್ರಕಾರ, 2000 ಕ್ಯಾಲೊರಿಯ ಊಟದಲ್ಲಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಬೇಕು. ಟೀಚರ್ ಗುರಿ ಸರಿಯಾಗಿಯೇ ಇತ್ತು. ವರ್ಷಗಟ್ಟಲೆ ಎರಡು ಚಮಚ ಪಲ್ಯಕ್ಕೆ ಒಗ್ಗಿದ ಕರುಳಿಗೆ ಅದನ್ನು ರಾತ್ರೋರಾತ್ರಿ ಹೇರಿದ್ದೇ ತೊಂದರೆ. ಅದರಲ್ಲೂ ಗಾಳಿ ಹುಟ್ಟಿಸುವ ಐದನ್ನೇ ಆರಿಸಿ, ಅರ್ಧ ಹಸಿಯಾಗಿ ತಿಂದಿದ್ದರು. ನಾರು ಹೆಚ್ಚಾದರೆ ಒಗ್ಗಿಕೊಳ್ಳಲು ಕರುಳಿಗೆ ಕೆಲವು ವಾರ ಬೇಕು.

ಆಗಲೇ ನನಗೆ ಒಂದು ಅನುಮಾನ ಬಂತು. ಮಲ ಸರಿಯಾಗಿ ಹೋಗುತ್ತಾ ಎಂದು ಕೇಳಿದೆ. ಮೂರು ದಿನಕ್ಕೊಮ್ಮೆ, ಗಟ್ಟಿ. ನೀರು ಎಷ್ಟು ಕುಡಿಯುತ್ತೀರಿ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಕಾಫಿ. ಅರ್ಧ ಲೀಟರ್ ಬಾಟಲಿ ಸ್ಕೂಲಿಗೆ ಹೋಗಿ ಅರ್ಧ ಹಾಗೇ ವಾಪಸ್ ಬರುತ್ತದೆ. ಸಿಬ್ಬಂದಿ ಹೆಂಗಸರಿಗೆ ಒಂದೇ ಶೌಚಾಲಯ, ಮೈದಾನದ ಆಚೆ, ಅಲ್ಲಿ ನೀರು ಇರುವುದೇ ಅಪರೂಪ. ಬಸ್ಸಿನಲ್ಲಂತೂ ದಾರಿಯೇ ಇಲ್ಲ. ಅದಕ್ಕೇ ಕುಡಿಯುವುದಿಲ್ಲ.

ಈ ಉತ್ತರ ನನ್ನ ಬಳಿ ಬರುವ ಎಷ್ಟೋ ಹೆಂಗಸರು ಕೊಡುತ್ತಾರೆ. ಪ್ರತಿ ಸಲ ಕೇಳಿದಾಗಲೂ ಸಂಕಟವಾಗುತ್ತದೆ. ನಾರು ನೀರನ್ನು ಹೀರಿಕೊಂಡರೆ ಮಾತ್ರ ಮಲ ಮೆತ್ತಗಾಗುತ್ತದೆ. ನೀರಿಲ್ಲದೆ ನಾರು ಹೆಚ್ಚಿಸಿದರೆ ಮಲ ಕರುಳಿನಲ್ಲೇ ನಿಲ್ಲುತ್ತದೆ, ಅದರ ಹಿಂದೆ ಗಾಳಿಯೂ ನಿಲ್ಲುತ್ತದೆ. ಇದನ್ನು ಸರಿಮಾಡದೆ ಬರೀ ತರಕಾರಿ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ ಸಲಹೆ ನೀರಿನಿಂದಲೇ ಶುರುವಾಯಿತು. ಐದೂವರೆಗೆ ಎದ್ದ ಕೂಡಲೇ ಎರಡು ಲೋಟ ನೀರು. ಬಸ್ಸು ಏಳೂಕಾಲಿಗೆ, ಅಷ್ಟರಲ್ಲಿ ಮೂತ್ರಕ್ಕೆ ಹೋಗಿ ಬರಬಹುದು. ತಿಂಡಿ ಆದ ಮೇಲೆ ಹತ್ತು ನಿಮಿಷ ಶೌಚಕ್ಕೆ ಕೂರುವುದು, ಕಾಲ ಕೆಳಗೆ ಸಣ್ಣ ಮಣೆ ಇಟ್ಟು. ತಿಂದ ಮೇಲೆ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತನ್ನು ಬಿಡಬಾರದು. ಖಾಲಿ ಪೀರಿಯಡ್‌ಗೆ ಮುಂಚೆ ಒಂದು ಲೋಟ, ಊಟಕ್ಕೊಂದು ಲೋಟ, ಮನೆಗೆ ಬಂದು ಉಳಿದದ್ದು. ಶೌಚಾಲಯದ ಬಗ್ಗೆ ಒಬ್ಬರೇ ಕೇಳಲು ಮುಜುಗರ ಅಂದರು. ಉಳಿದ ಹೆಂಗಸರನ್ನೂ ಕರೆದುಕೊಂಡು ಮುಖ್ಯೋಪಾಧ್ಯಾಯರ ಬಳಿ ಹೋಗಿ ಅಂದೆ.

ಆಮೇಲೆ ತರಕಾರಿ. ಮೊದಲ ಎರಡು ವಾರ ದಿನಕ್ಕೆ 150 ಗ್ರಾಂ ಮಾತ್ರ, ಎಲ್ಲವೂ ಬೇಯಿಸಿದ್ದು. ಪಡವಲ, ಹೀರೆ, ಬೂದುಗುಂಬಳ, ಬೀನ್ಸ್, ಕ್ಯಾರೆಟ್, ಬದನೆ. ಆಮೇಲೆ ವಾರಕ್ಕೆ 50 ಗ್ರಾಂ ಏರಿಸುವುದು. ಏರಿಸಿದಾಗ ಉಬ್ಬರ ಬಂದರೆ ಒಂದು ವಾರ ಅಲ್ಲೇ ನಿಲ್ಲುವುದು. ಕೋಸು, ಹೂಕೋಸು, ಅವರೆಗಳಲ್ಲಿ ಒಂದು ದಿನಕ್ಕೆ ಒಂದೇ, ಅದೂ ಮೂರನೇ ವಾರದಿಂದ. ಹಸಿ ಈರುಳ್ಳಿ ಸದ್ಯಕ್ಕೆ ಬೇಡ.

ಅವರೆ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಆ ಸೊಗಡು ವರ್ಷಕ್ಕೊಂದೇ ಕಾಲಕ್ಕೆ ಸಿಗುವುದು, ಅಲ್ವಾ. ಹಿತಕಿದ ಬೇಳೆ ವಾರಕ್ಕೊಮ್ಮೆ ಸಣ್ಣ ಬಟ್ಟಲು ಆಗಬಹುದು ಅಂದೆ. ಕಾಳು ನೆನೆಸಿದ ನೀರು ಚೆಲ್ಲಿದರೆ ರಾಫಿನೋಸ್ ಒಂದಷ್ಟು ಹೋಗುತ್ತದೆ, ಹಿತಕಿ ಸಿಪ್ಪೆ ತೆಗೆದರೆ ಅದರ ನಾರೂ ಕಡಿಮೆಯಾಗುತ್ತದೆ. ಆದರೆ ಅವರೆಕಾಳಿನ ಬಸ್ಸಾರು ಸ್ವಲ್ಪ ದಿನ ಬೇಡ. ಬಸಿದ ಕಟ್ಟೇ ಅಲ್ಲಿ ಸಾರಾಗುತ್ತದೆ, ಬಿಟ್ಟುಕೊಂಡ ಸಕ್ಕರೆ ಅದರಲ್ಲೇ ಇರುತ್ತದೆ. ಸೊಪ್ಪಿನ ಬಸ್ಸಾರು ಮಾಡಿಕೊಳ್ಳಲಿ. ಒಗ್ಗರಣೆಗೆ ಇಂಗು, ಜೀರಿಗೆ ಹಾಕಲಿ, ಆದರೆ ಇಂಗನ್ನು ನಂಬಿ ಪ್ರಮಾಣ ಏರಿಸುವುದು ಬೇಡ.

ಸೋರೆಕಾಯಿ ಜ್ಯೂಸ್ ಪೂರ್ತಿ ನಿಲ್ಲಿಸಿ ಅಂದೆ. ಇದು ಉಬ್ಬರಕ್ಕಲ್ಲ. ಕಹಿ ಸೋರೆಕಾಯಿಯ ರಸ ವಿಷವಾಗಬಹುದು, ವಾಂತಿಯಲ್ಲಿ ರಕ್ತ ಬಂದು ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲಿವೆ. ಅಡುಗೆಗೆ ತಂದಾಗಲೂ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಎಸೆಯಿರಿ.

ಊಟ ಆದ ಮೇಲೆ ಹದಿನೈದು ನಿಮಿಷ ನಡಿಗೆ. ಅದು ಗಾಳಿಗೂ ಒಳ್ಳೆಯದು, ಸಕ್ಕರೆಗೂ.

ಮೂರು ವಾರ ಬಿಟ್ಟು ಬಂದರು. ಮಲ ದಿನ ಬಿಟ್ಟು ದಿನ ಹೋಗುತ್ತಿತ್ತು. ಸಂಜೆಯ ಬಿಗಿತ ಅರ್ಧ ಇಳಿದಿತ್ತು. ಆರನೇ ವಾರಕ್ಕೆ 300 ಗ್ರಾಂ ತರಕಾರಿ ತಲುಪಿದರು. ಎಲೆಕೋಸು ಬೇಯಿಸಿದ್ದು ಆಗುತ್ತದೆ, ಹೂಕೋಸು ಈಗಲೂ ಆಗುವುದಿಲ್ಲ. ಅದಿಲ್ಲದಿದ್ದರೆ ಏನೂ ನಷ್ಟವಿಲ್ಲ. ಸ್ಕೂಲಿನ ಶೌಚಾಲಯಕ್ಕೆ ಒಂದು ಡ್ರಮ್ ನೀರು ಬಂದಿದೆಯಂತೆ.

ಹೊರಡುವಾಗ ಹೇಳಿದರು, "ಅಮ್ಮನಿಗೂ ಹೊಟ್ಟೆ ಉಬ್ಬರ ಮೇಡಂ. ಅವರಿಗೂ ಇದೇ ಪಟ್ಟಿ ಕೊಡ್ಲಾ?" ಅಮ್ಮನಿಗೆ 66. ಊಟ ಏನೂ ಬದಲಿಸಿಲ್ಲ. ಎರಡು ತಿಂಗಳಿಂದ ಹೆಚ್ಚುಕಮ್ಮಿ ದಿನಾ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ.

ಪಟ್ಟಿ ಕೊಡಬೇಡಿ ಅಂದೆ. ಐವತ್ತು ದಾಟಿದ ಹೆಂಗಸರಲ್ಲಿ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಉಬ್ಬರ ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಇರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ತೂಕ ತಾನಾಗಿ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಯಾವ ವಯಸ್ಸಿನವರೂ ಡಾಕ್ಟರನ್ನೇ ನೋಡಬೇಕು. ಆ ವಾರವೇ ಕರೆದುಕೊಂಡು ಹೋದರು. ಸ್ಕ್ಯಾನಿನಲ್ಲಿ ಹೆದರುವಂಥದ್ದು ಕಾಣಲಿಲ್ಲ, ಆದರೂ ಇನ್ನೆರಡು ಪರೀಕ್ಷೆ ಬಾಕಿ ಇದೆ. ಟೀಚರ್ ಮತ್ತೆ ಬರುವುದು ಮಾರ್ಚಿನಲ್ಲಿ, ಹೊಸ ಶುಗರ್ ರಿಪೋರ್ಟ್ ತೆಗೆದುಕೊಂಡು.