ಬೀಜದ ಪ್ರಶ್ನೆ: ರಾಜಮುಡಿ ಪಕ್ಕಕ್ಕೆ ಕುಲಾಂತರಿ ಬಂದರೆ?

ಕುಲಾಂತರಿ ಭತ್ತ ಬಂದರೆ ಅದರ ಪರಾಗ ಗಾಳಿಯಲ್ಲಿ ಹಾರಿ ಬಂದು ನಮ್ಮ ನಾಟಿ ಕೆಂಪಕ್ಕಿ ಭತ್ತ ರಾಜಮುಡಿ ಕೆಡುತ್ತದಂತೆ. ತಡೆಯುವುದು ಹೇಗೆ?
– ಓದುಗರು, ಹೊಳೆನರಸೀಪುರ

ಕುಲಾಂತರಿ ಎಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ. ನಮ್ಮ ದೇಶದ ರೈತರು ಕಾನೂನುಬದ್ಧವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ (ಬ್ಯಾಕ್ಟೀರಿಯಾದ ಜೀನ್‌ನಿಂದ ಹುಳಕ್ಕೆ ವಿಷವಾಗುವ ಪ್ರೋಟೀನ್ ತಯಾರಿಸುವಂಥದ್ದು) ಒಂದೇ. ಭತ್ತ ಆ ಪಟ್ಟಿಯಲ್ಲಿಲ್ಲ. ಇನ್ನು ಪರಾಗದ ಮಾತು. ಭತ್ತದ ಹೂ ಹೊತ್ತೇರಿದ ಮೇಲೆ ಒಂದೆರಡು ಗಂಟೆ ಬಾಯಿ ಬಿಡುತ್ತದೆ, ಅಷ್ಟರಲ್ಲಿ ಅದರದೇ ಪರಾಗ ಅದರ ಮೇಲೇ ಉದುರಿರುತ್ತದೆ. ಹೊರಗೆ ಹಾರಿದ್ದು ಕೆಲವೇ ನಿಮಿಷ ಜೀವಂತ. ಅದಕ್ಕೇ ಪ್ರಮಾಣಿತ ಬೀಜದ ಗದ್ದೆಗೂ ಬೇರೆ ತಳಿಯಿಂದ 3 ಮೀಟರ್ ಅಂತರ ಸಾಕು ಎನ್ನುತ್ತದೆ ನಿಯಮ.

ರಾಜಮುಡಿ ಕೆಡುವುದು ಗಾಳಿಗಿಂತ ಹೆಚ್ಚು ನಮ್ಮ ಕೈಯಲ್ಲೇ. ಕಟಾವು ಯಂತ್ರದ ಹೊಟ್ಟೆಯಲ್ಲಿ ಉಳಿದ ಪಕ್ಕದೂರಿನ ಭತ್ತ, ಹೋದ ವರ್ಷ ಉದುರಿ ಮೊಳೆತದ್ದು, ಒಂದೇ ಕಣದಲ್ಲಿ ಬಡಿದ ಎರಡು ತಳಿ. ಬೀಜಕ್ಕೆಂದೇ ಗದ್ದೆಯ ನಡುವಿನ ತಾಕು ಬಿಟ್ಟುಕೊಳ್ಳಿ. ತೆನೆ ಹೊರಡುವಾಗ ಒಮ್ಮೆ, ಕಾಳು ಗಟ್ಟಿಯಾಗುವಾಗ ಇನ್ನೊಮ್ಮೆ ಇಳಿದು, ಎತ್ತರ ಅಥವಾ ಕಾಳಿನ ಬಣ್ಣ ಬೇರೆಯಿದ್ದ ಗಿಡವನ್ನು ಬುಡಸಮೇತ ಕೀಳಿ. ತೆನೆ ಮಾತ್ರ ಚಿವುಟಿದರೆ ಉಳಿದ ತೆಂಡೆಗಳು ತೆನೆ ಬಿಟ್ಟೇ ಬಿಡುತ್ತವೆ. ಕುಡುಗೋಲಿನಲ್ಲಿ ಕೊಯ್ದು, ಕೊಡವಿದ ತಾಡಪಾಲಿನ ಮೇಲೆ ಬಡಿಯಿರಿ. ತೇವ ಶೇ 13ಕ್ಕೆ ಇಳಿಯಬೇಕು: ಕಚ್ಚಿದರೆ ಕಟ್ ಅನ್ನಬೇಕು, ಹಲ್ಲಿನಡಿ ಚಪ್ಪಟೆಯಾದರೆ ಇನ್ನೂ ಒಣಗಿಸಿ. ಕೊನೆಗೆ ಒಂದು ಹಿಡಿ ಸುಲಿದು ನೋಡಿ. ಕೆಂಪಿನ ನಡುವೆ ಬಿಳಿ ಅಕ್ಕಿ ಕಂಡರೆ ಬೆರಕೆ ಆಗಲೇ ಒಳಗೆ ಬಂದಿದೆ.

ಪೇಚಿರುವುದು ಬೇರೆ ಕಡೆ. 2025ರ ಮೇನಲ್ಲಿ ಕೇಂದ್ರ ಸರ್ಕಾರ ಗಿಡದ ಸ್ವಂತ ಜೀನನ್ನೇ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದು ನಾವೆಲ್ಲ ಬಲ್ಲ ಸಾಂಬ ಮಸೂರಿಯಿಂದ, ಇನ್ನೊಂದು ಎಂಟಿಯು 1010 ಎಂಬ ತಳಿಯಿಂದ ಬಂದದ್ದು. ಹೊರಗಿನ ಜೀನ್ ಉಳಿದಿಲ್ಲವೆಂದು ಕೇಂದ್ರದ 2022ರ ಆದೇಶ ಇಂಥವನ್ನು ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿದೆ. ಬಿಟಿ ಪ್ರೋಟೀನ್ ಹುಡುಕುವ ಪರೀಕ್ಷಾ ಪಟ್ಟಿಯನ್ನು (ಸ್ಟ್ರಿಪ್) ಎಲೆಯ ರಸಕ್ಕೆ ಅದ್ದಿದರೆ ಇವು ಸಿಗುವುದಿಲ್ಲ. ಜೀನ್ ತಿದ್ದಿದ ತಳಿ ಎಂದು ಬೀಜದ ಚೀಲದ ಮೇಲೆ ಬರೆಯುವುದನ್ನಾದರೂ ಕಡ್ಡಾಯ ಮಾಡಲಿ ಎಂಬುದು ನಮ್ಮ ಒತ್ತಾಯ.

ಮುಸುಕಿನ ಜೋಳದ ಹೈಬ್ರಿಡ್ ಕೂಡ ಕುಲಾಂತರಿಯೇ? ಎತ್ತಿಟ್ಟ ಬೀಜ ಸರಿಯಾಗಿ ಬರುವುದಿಲ್ಲ.
– ಓದುಗರು, ಕಡೂರು

ಅಲ್ಲ. ಅದು ಎರಡು ಶುದ್ಧ ತಳಿಗಳನ್ನು ಅಡ್ಡ ಹಾಯಿಸಿ ಪಡೆದದ್ದು. ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಗಿಡ ಏರುಪೇರಾಗುತ್ತದೆ, ಅಷ್ಟೆ.

ಹುಳ ಬೀಳದ ಬದನೆ ಬಂದರೆ ಒಳ್ಳೆಯದಲ್ಲವೇ? ತಡೆ ಏಕೆ?
– ಓದುಗರು, ಬೇಲೂರು

ನಿಮ್ಮ ಮಾತಿನಲ್ಲಿ ಹುರುಳಿದೆ. ಕಾಯಿಕೊರಕದ ಮರಿ ಒಳಗೆ ಸೇರಿದ ಮೇಲೆ ಸಿಂಪಡಣೆ ತಾಗುವುದಿಲ್ಲ, ವಿಷ ಗಿಡದಲ್ಲೇ ಇದ್ದರೆ ತಾಗುತ್ತದೆ. ಬಾಂಗ್ಲಾದೇಶದಲ್ಲಿ ಇಂಥ ಬಿಟಿ ಬದನೆಯನ್ನು 2014ರಿಂದ ಬೆಳೆಯುತ್ತಿದ್ದಾರೆ. ಇಲ್ಲಿ 2009ರ ಅಕ್ಟೋಬರ್‌ನಲ್ಲಿ ಕುಲಾಂತರಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಮಿತಿ ಒಪ್ಪಿದರೂ, ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ತಡೆ ಸರಿ ಎಂದೇ ನಮ್ಮ ಅಭಿಪ್ರಾಯ. ಬದನೆ ಭತ್ತದಂತಲ್ಲ. ಹೂವಿನ ತುದಿಯ ರಂಧ್ರದಿಂದ ಪರಾಗ ಉದುರಿಸಲು ದುಂಬಿ ಬಂದು ಗುಂಯ್‌ಗುಡುತ್ತದೆ, ಹಾಗೇ ಪಕ್ಕದ ಹಿತ್ತಿಲಿಗೂ ಹೊತ್ತೊಯ್ಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ ಸೇರಿಸಿದ ನಾಟಿ ತಳಿಗಳಲ್ಲಿ ಉಡುಪಿಯದೂ ಇತ್ತು. ಊರ ತಳಿ ಯಾವುದು, ಬಿಟಿ ಯಾವುದು ಎಂದು ಸಂತೆಯಲ್ಲಿ ಗುರುತಿಸುವವರು ಯಾರು?

ನಾಟಿ ಬದನೆ ಕಾಯಲು ಇತರ ಬದನೆಯಿಂದ 200 ಮೀಟರ್ ದೂರ ಬೇಕು. ಹಿತ್ತಿಲಲ್ಲಿ ಅದಾಗದು. ನಾಳೆ ಅರಳುವ ಮೊಗ್ಗಿಗೆ ಇಂದು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ದಳ ಉದುರಿ ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಕೆಂಪು ದಾರ ಕಟ್ಟಿ, ಸಿಪ್ಪೆ ಪೂರ್ತಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಡಿ. ದಾರದ ಅರ್ಥ ಅಡುಗೆಮನೆಗೂ ಹೇಳಿಡಿ, ಇಲ್ಲದಿದ್ದರೆ ಬೀಜದ ಕಾಯಿ ಹುಳಿಗೆ ಹೋಗುತ್ತದೆ.