ಕೀ ಇದ್ದರೂ ಬಾಗಿಲು ತೆರೆಯದಿದ್ದರೆ: ಎಸ್‌ಎಸ್‌ಎಚ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆಗೆ ಪಡೆದ ಉಬುಂಟು ಸರ್ವರ್‌ಗೆ ನನ್ನ ಪಬ್ಲಿಕ್ ಕೀ ಹಾಕಿದ್ದೇನೆ. ಆದರೂ ‘ಪರ್ಮಿಷನ್ ಡಿನೈಡ್ (ಪಬ್ಲಿಕ್‌ಕೀ)’ ಎಂದೇ ಬರುತ್ತದೆ. ತಪ್ಪು ಎಲ್ಲಿರಬಹುದು?
– ಓದುಗರು, ಸಾಗರ

ಉತ್ತರ: ಎಸ್‌ಎಸ್‌ಎಚ್ ಎಂದರೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ. ಅದರ ಕೀಗಳು ಜೋಡಿ: ಪಬ್ಲಿಕ್ ಕೀ ಸರ್ವರ್‌ನಲ್ಲಿ, ಗುಟ್ಟಾದ ಪ್ರೈವೇಟ್ ಕೀ ನಿಮ್ಮ ಬಳಿ. ಈ ಸಂದೇಶ ಬಂತೆಂದರೆ ಸರ್ವರ್ ನಿಮಗೆ ಸಿಕ್ಕಿದೆ, ಪೋರ್ಟ್ ತೆರೆದಿದೆ. ಆದ್ದರಿಂದ ಫೈರ್‌ವಾಲ್ ಕೆದಕಲು ಹೋಗಬೇಡಿ. ಮೊದಲು ಯೂಸರ್ ಹೆಸರು ನೋಡಿ. ಅದನ್ನು ಕೊಡದೆ ಬಿಟ್ಟರೆ ನಿಮ್ಮ ಕಂಪ್ಯೂಟರಿನ ಲಾಗಿನ್ ಹೆಸರೇ ಸರ್ವರ್‌ಗೆ ಹೋಗುತ್ತದೆ.

ಹೆಸರು ಸರಿಯಿದ್ದರೆ ಫೈಲುಗಳ ಅನುಮತಿ ನೋಡಿ. ಬಹಳ ಮಂದಿ ಎಡವುವುದು ಇಲ್ಲೇ. ಸರ್ವರ್ ಒದಗಿಸುವ ಕಂಪನಿಯ ವೆಬ್ ಕನ್ಸೋಲ್ ಮೂಲಕ ಒಳಹೋಗಿ. ಹೋಮ್ ಫೋಲ್ಡರಿನಲ್ಲಿರುವ ‘.ಎಸ್‌ಎಸ್‌ಎಚ್’ ಫೋಲ್ಡರಿಗೆ 700, ಅದರೊಳಗಿನ ‘ಆಥರೈಸ್ಡ್_ಕೀಸ್’ ಫೈಲಿಗೆ (ಪಬ್ಲಿಕ್ ಕೀ ಇರುವುದು ಇದರಲ್ಲೇ) 600 ಇರಲಿ, ಅಂದರೆ ಒಡೆಯರಿಗೆ ಮಾತ್ರ ಪ್ರವೇಶ. ಎರಡೂ ನಿಮ್ಮ ಯೂಸರ್ ಹೆಸರಿನಲ್ಲೇ ಇರಬೇಕು. ‘ಸುಡೊ’ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಬಳಸಿ ಸೃಷ್ಟಿಸಿದ್ದರೆ ಒಡೆತನ ಅಡ್ಮಿನ್ ಖಾತೆಯಾದ ರೂಟ್‌ಗೆ ಹೋಗಿರುತ್ತದೆ, ‘ಚೋನ್’ ಕಮಾಂಡ್‌ನಿಂದ ಬದಲಿಸಿ. ಹೋಮ್ ಫೋಲ್ಡರಿನಲ್ಲಿ ಗ್ರೂಪಿಗಾಗಲಿ ಇತರರಿಗಾಗಲಿ ಬರೆಯುವ ಅನುಮತಿ ಇರಲೇಬಾರದು. ಈ ಬಿಗಿ ಯಾಕೆಂದರೆ, ಆ ಜಾಗದಲ್ಲಿ ಬರೆಯಬಲ್ಲವರು ತಮ್ಮ ಕೀಯನ್ನೂ ತುರುಕಬಲ್ಲರು. ಹಾಗಾಗಿ ಅನುಮತಿ ಸಡಿಲವಿದ್ದರೆ ಸರ್ವರ್ ಆ ಫೈಲನ್ನು ನಂಬುವುದೇ ಇಲ್ಲ, ಕಾರಣವನ್ನು ನಿಮಗೆ ತೋರಿಸುವುದೂ ಇಲ್ಲ. ಅದು ಸರ್ವರ್‌ನ ಆಥ್ ಲಾಗ್‌ನಲ್ಲಿ (ಲಾಗಿನ್ ದಾಖಲೆಯ ಫೈಲು) ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂದು ದಾಖಲಾಗಿರುತ್ತದೆ.

ಇನ್ನೊಂದು: ಕೀ ಒಂದೇ ಸಾಲಿನಲ್ಲಿರಬೇಕು. ಪೇಸ್ಟ್ ಮಾಡುವಾಗ ನಡುವೆ ತುಂಡಾದರೆ ಕೆಲಸಕ್ಕೆ ಬಾರದು.

ಪ್ರಶ್ನೆ: ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಫೈಲಿನಲ್ಲಿ ‘ಪಾಸ್‌ವರ್ಡ್ ಆಥೆಂಟಿಕೇಷನ್’ಗೆ ‘ನೋ’ ಎಂದು ಬರೆದು ರೀಸ್ಟಾರ್ಟ್ ಮಾಡಿದೆ. ಇನ್ನೂ ಪಾಸ್‌ವರ್ಡ್ ಕೇಳುತ್ತಿದೆ!
– ಓದುಗರು, ಹುಬ್ಬಳ್ಳಿ

ಉತ್ತರ: ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಎಸ್‌ಎಸ್‌ಎಚ್ ಮೊದಲು ಓದಿದ್ದನ್ನೇ ಹಿಡಿಯುತ್ತದೆ, ಕೊನೆಯದು ಗೆಲ್ಲುತ್ತದೆಂಬ ಅಂದಾಜು ಇಲ್ಲಿ ನಡೆಯದು. ಉಬುಂಟುವಿನಲ್ಲಿ ನೀವು ತಿದ್ದಿದ ಮುಖ್ಯ ಸೆಟ್ಟಿಂಗ್ ಫೈಲಿನ ಆರಂಭದಲ್ಲೇ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರನ್ನು ಸೇರಿಸುವ ಸಾಲಿದೆ. ಬಾಡಿಗೆ ಸರ್ವರ್‌ಗಳಲ್ಲಿ ಅದರೊಳಗೆ ‘50-ಕ್ಲೌಡ್-ಇನಿಟ್.ಕಾನ್ಫ್’ ಎಂಬ ಫೈಲು ಕುಳಿತು ‘ಯೆಸ್’ ಎನ್ನುತ್ತಿರಬಹುದು. ಅದನ್ನು ತಿದ್ದಿ. ಬಳಿಕ ಸರ್ವರ್ ಬದಿಯ ಪ್ರೋಗ್ರಾಂ ಆದ ‘ಎಸ್‌ಎಸ್‌ಎಚ್‌ಡಿ’ಗೆ ಮೈನಸ್ ಸಣ್ಣ ಟಿ ಕೊಟ್ಟರೆ ಬರಹದ ತಪ್ಪು ತಿಳಿಯುತ್ತದೆ, ದೊಡ್ಡ ಟಿ ಕೊಟ್ಟರೆ ನಿಜವಾಗಿ ಜಾರಿಯಲ್ಲಿರಬೇಕಾದ ಸೆಟ್ಟಿಂಗ್‌ಗಳೆಲ್ಲ ಕಾಣುತ್ತವೆ. ರೀಸ್ಟಾರ್ಟ್ ಮಾಡಿದ ಮೇಲೆ ಈಗಿನ ಕಿಟಕಿಯನ್ನು ದಯವಿಟ್ಟು ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಕೀ ಬಳಸಿ ಲಾಗಿನ್ ಆಗುತ್ತದೆಯೇ ನೋಡಿ. ಆಗದಿದ್ದರೆ ಹಳೆಯ ಕಿಟಕಿಯಿಂದಲೇ ಸರಿಪಡಿಸಬಹುದು.

ಪ್ರಶ್ನೆ: ದಿನವೂ ಬಳಸುವ ಸರ್ವರ್ ಇಂದು ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್’ ಎಂದು ಎಚ್ಚರಿಸಿತು. ಹಳೆಯ ನಮೂದನ್ನು ಅಳಿಸಿಬಿಡಲೇ?
– ಓದುಗರು, ದುಬೈ

ಉತ್ತರ: ಈಗಲೇ ಬೇಡ. ಸರ್ವರ್‌ಗೂ ತನ್ನದೇ ಗುರುತಿನ ಕೀ (ಹೋಸ್ಟ್ ಕೀ) ಇರುತ್ತದೆ, ಹಿಂದೆ ಕಂಡದ್ದನ್ನು ನಿಮ್ಮ ಕಂಪ್ಯೂಟರ್ ನಮೂದಿಸಿಟ್ಟಿರುತ್ತದೆ. ಆ ಕೀ ತನ್ನಿಂದ ತಾನೇ ಬದಲಾಗುವುದಿಲ್ಲ. ಯಾರಾದರೂ ಓಎಸ್ ಮರುಸ್ಥಾಪಿಸಿರಬೇಕು, ಅದೇ ಐಪಿ ಬೇರೆ ಯಂತ್ರಕ್ಕೆ ಹೋಗಿರಬೇಕು, ಇಲ್ಲವೇ ನಿಮ್ಮ ಮತ್ತು ಸರ್ವರ್‌ನ ನಡುವೆ ಯಾರೋ ಕಳ್ಳರು ಕುಳಿತಿರಬೇಕು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹಾದುಹೋಗುತ್ತಿದ್ದ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದ ಮೇಲೆಯೇ ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದು. ಈಗಲೂ ನಕಲಿ ಸರ್ವರ್‌ಗೆ ಪಾಸ್‌ವರ್ಡ್ ಒತ್ತಿದರೆ ಅದು ಕಳ್ಳರ ಕೈ ಸೇರುತ್ತದೆ. ಪ್ರೈವೇಟ್ ಕೀಯಾದರೋ ನಿಮ್ಮ ಯಂತ್ರ ಬಿಟ್ಟು ಹೋಗುವುದೇ ಇಲ್ಲ.

ವೆಬ್ ಕನ್ಸೋಲ್‌ನಲ್ಲಿ ಹೋಸ್ಟ್ ಕೀಯ ಪಬ್ಲಿಕ್ ಫೈಲಿನ ಮೇಲೆ ‘ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್’ (ಎರಡೂ ಸಣ್ಣಕ್ಷರ) ಓಡಿಸಿ, ಬರುವ ಫಿಂಗರ್‌ಪ್ರಿಂಟನ್ನು (ಕೀಯ ಚಿಕ್ಕ ಗುರುತು) ಎಚ್ಚರಿಕೆಯಲ್ಲಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಎರಡೂ ಕಡೆ ಒಂದೇ ಬಗೆಯ ಕೀ ಇರಲಿ. ಇಡಿ25519ರದ್ದನ್ನು ಆರ್‌ಎಸ್‌ಎ ಕೀಯದರ ಜೊತೆ ಹೋಲಿಸಿದರೆ ಹೊಂದುವುದಿಲ್ಲ. ಹೊಂದಿದರೆ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ‘ಎಸ್‌ಎಸ್‌ಎಚ್-ಕೀಜೆನ್’ಗೆ ಮೈನಸ್ ದೊಡ್ಡ ಆರ್ ಮತ್ತು ಸರ್ವರ್ ಹೆಸರು ಕೊಟ್ಟು ಹಳೆಯ ನಮೂದು ತೆಗೆಯಿರಿ.